ಗುಡ್ಡೆಯೊಳಗಿನ ನೀರು, ನೀರಿನೊಳಗಿನ ಬಿಸಿ

ಭೂಶಾಖ ಎಂದ ಕೂಡಲೇ ಐಸ್‌ಲ್ಯಾಂಡಿನ ಹಬೆ, ಲಡಾಖಿನ ಪೂಗಾ ಕಣಿವೆ ನೆನಪಾಗುತ್ತದೆ. ಕಾಸರಗೋಡಿನಲ್ಲಿ ಕೂತು ಅದರ ಮಾತು ಯಾಕೆ ಎಂದು ನೀವು ಕೇಳಿದರೆ ತಪ್ಪಿಲ್ಲ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ನಮ್ಮ ನೆಲದಡಿಯ ಬಿಸಿಯಿಂದ ವಿದ್ಯುತ್ ತೆಗೆಯುತ್ತೇವೆ ಎಂದು ಯಾರಾದರೂ ಬಂದರೆ ನಂಬಬೇಡಿ. ನಾವಿರುವುದು ಬಹಳ ಹಳೆಯ, ತಣ್ಣಗಾದ ಬಂಡೆಯ ಮೇಲೆ. ಜಗತ್ತಿನಲ್ಲಿ ಸರಾಸರಿ ಒಂದು ಕಿಲೋಮೀಟರ್ ಕೆಳಗಿಳಿದರೆ 25ರಿಂದ 30 ಡಿಗ್ರಿ ಬಿಸಿ ಏರುತ್ತದೆ. ಕೋಲಾರದ ಚಿನ್ನದ ಗಣಿಯಲ್ಲಿ 3,200 ಮೀಟರ್ ಆಳಕ್ಕೆ ಹೋದಾಗ ಬಂಡೆಯ ಬಿಸಿ ಸುಮಾರು 65 ಡಿಗ್ರಿ ಇತ್ತು. ಮೇಲೆ 25 ಡಿಗ್ರಿ ಎಂದು ಹಿಡಿದರೆ ಕಿಲೋಮೀಟರಿಗೆ ಹನ್ನೆರಡು ಹದಿಮೂರು ಡಿಗ್ರಿ ಮಾತ್ರ. ಅಷ್ಟು ಆಳಕ್ಕೆ ಇಳಿಯಲು ಸಾಧ್ಯವಾದದ್ದಕ್ಕೆ ಈ ತಣ್ಣನೆಯ ಬಂಡೆಯೂ ಒಂದು ಕಾರಣ.

ಹಾಗಾದರೆ ಈ ವಿಷಯ ಎತ್ತಿಕೊಂಡದ್ದು ಯಾಕೆ? ಬಿಸಿಯನ್ನು ಹುಡುಕುವ ವಿದ್ಯೆ, ಗಣಿಯ ನೀರನ್ನು ನಿಭಾಯಿಸುವ ವಿದ್ಯೆ ಎರಡೂ ಒಂದೇ. ನೀರು ಯಾವ ಬಿರುಕಿನಲ್ಲಿ ಇಳಿಯಿತು, ಎಷ್ಟು ಆಳಕ್ಕೆ ಹೋಯಿತು, ಎಲ್ಲಿ ಹೊರಬಿತ್ತು ಎಂಬುದನ್ನು ಬಲ್ಲ ಅಂತರ್ಜಲ ತಜ್ಞರು ಎರಡು ಕಡೆಗೂ ಬೇಕು. ಕಲ್ಲು ತೆಗೆಯುವವರು ಅವರನ್ನು ಕರೆಯುವುದು ಬಾವಿ ಬತ್ತಿ ದೂರು ಬಂದ ಮೇಲೆ. ಕರೆಯಬೇಕಾದ್ದು ಮೊದಲ ಕಲ್ಲು ಕೀಳುವ ಮೊದಲು, ಕನಿಷ್ಠ ಒಂದು ವರ್ಷ ಮೊದಲು. ನಾನು ಇವತ್ತು ಹೇಳಬೇಕೆಂದಿರುವುದು ಇಷ್ಟೇ. ಉಳಿದದ್ದೆಲ್ಲ ಅದು ಹೇಗೆ ಎಂಬುದರ ವಿವರ.

ಹತ್ತಿರದ ಒಂದು ಬಿಸಿನೀರಿನಿಂದ ಶುರುಮಾಡೋಣ. ಪುತ್ತೂರಿನಿಂದ ಪಾಣಾಜೆಗೆ ಬರುವ ದಾರಿಯ ಇರ್ದೆಯಲ್ಲಿ, ಸೀರೆ ಹೊಳೆಯ ದಂಡೆಯಲ್ಲಿ ಬೆಂದ್ರ್ ತೀರ್ಥವಿದೆ. ನಿಮ್ಮಲ್ಲಿ ತುಂಬ ಜನ ನೋಡಿರುತ್ತೀರಿ. ನೀರಿನ ಬಿಸಿ ಸುಮಾರು 37ರಿಂದ 40 ಡಿಗ್ರಿ. ಅಲ್ಲಿ ಕೆಳಗೆ ಜ್ವಾಲಾಮುಖಿ ಇಲ್ಲ, ಗಂಧಕದ ಗಣಿಯೂ ಇಲ್ಲ. ಮಳೆನೀರು ಬಂಡೆಯ ಬಿರುಕು ಹಿಡಿದು ಆಳಕ್ಕೆ ಇಳಿದು, ಅಲ್ಲಿ ಬಿಸಿಯಾಗಿ, ಇನ್ನೊಂದು ಬಿರುಕಿನಲ್ಲಿ ಬೇಗನೆ ಮೇಲೆ ಬಂದಿದೆ. ನಮ್ಮ ಕಡೆ ಮೇಲುನೆಲದ ನೀರು 27 ಡಿಗ್ರಿಯ ಆಸುಪಾಸು. ಅಂದರೆ ಹನ್ನೆರಡು ಡಿಗ್ರಿ ಹೆಚ್ಚು. ಲೆಕ್ಕಕ್ಕೆ ಕಿಲೋಮೀಟರಿಗೆ 15ರಿಂದ 20 ಡಿಗ್ರಿ ಎಂದಿಟ್ಟುಕೊಂಡರೆ ಆ ನೀರು ಕನಿಷ್ಠ 600ರಿಂದ 800 ಮೀಟರ್ ಆಳ ಕಂಡು ಬಂದಿರಬೇಕು. ಮೇಲೆ ಬರುವಾಗ ತಣ್ಣೀರು ಕೂಡಿ ಬಿಸಿ ಕಡಿಮೆಯಾಗುವುದರಿಂದ ನಿಜವಾದ ಆಳ ಇನ್ನೂ ಹೆಚ್ಚಿರಬಹುದು. ಕೊಂಕಣದ ವಜ್ರೇಶ್ವರಿ, ಗಣೇಶಪುರಿ, ಉನ್ಹವರೆಯ ಬಿಸಿನೀರಿನ ಊಟೆಗಳೂ ಹೀಗೆಯೇ ಆಳದ ಬಿರುಕಿನ ಫಲ. ನೀರಿನ ಬಿಸಿ ಅದು ನಡೆದುಬಂದ ದಾರಿಯನ್ನು ಹೇಳುತ್ತದೆ ಎಂಬುದನ್ನು ನೆನಪಿಡಿ, ಮುಂದೆ ಕೋರೆಯಲ್ಲಿ ಇದನ್ನೇ ಬಳಸುತ್ತೇವೆ.

ಗಣಿ, ನೀರು, ಬಿಸಿ ಮೂರೂ ಒಂದೇ ಗುಂಡಿಯಲ್ಲಿ ಕೂಡಿದರೆ ಏನಾಗುತ್ತದೆ ಎಂಬುದಕ್ಕೆ ಪಪುವಾ ನ್ಯೂಗಿನಿಯ ಲಿಹಿರ್ ದ್ವೀಪಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅಲ್ಲಿ ಚಿನ್ನ ಇರುವುದು ಹಳೆಯ ಜ್ವಾಲಾಮುಖಿಯ ಬಾಯಿಯೊಳಗೆ. ಒಂದು ಬದಿಯಲ್ಲಿ ಸಮುದ್ರ, ಗುಂಡಿಯ ತಳ ಸಮುದ್ರ ಮಟ್ಟಕ್ಕಿಂತ ಎಷ್ಟೋ ಕೆಳಗೆ, ಬಂಡೆಯ ಬಿಸಿ ಹಲವು ಕಡೆ ನೂರು ಡಿಗ್ರಿಗೂ ಮೇಲೆ. 1997ರಲ್ಲಿ ಚಿನ್ನ ತೆಗೆಯುವುದು ಶುರುವಾಯಿತು. ಬಿಸಿನೀರು ನೆಲದೊಳಗೆ ಕುದಿಯದೆ ಇರುವುದು ಮೇಲಿನ ಕಲ್ಲು, ನೀರು ಅದನ್ನು ಅದುಮಿ ಹಿಡಿದಿರುವುದರಿಂದ. ಮೇಲಿನ ಕಲ್ಲನ್ನು ತೆಗೆಯುತ್ತಾ ಹೋದ ಹಾಗೆ ಒತ್ತಡ ಇಳಿಯುತ್ತದೆ, ಆಗ ಆ ನೀರು ಒಮ್ಮೆಲೇ ಹಬೆಯಾಗಿ ನೆಲ ಒಡೆದು ಬರಬಹುದು. ಮದ್ದು ತುಂಬಲು ಕೊರೆದ ರಂಧ್ರ ಬಿಸಿಯಾಗಿದ್ದರೆ ಮದ್ದು ತಾನಾಗಿ ಸಿಡಿಯುವ ಅಪಾಯವೂ ಇದೆ. ಅದಕ್ಕಾಗಿ ಗುಂಡಿಯ ಸುತ್ತ ಎರಡು ಬಗೆಯ ಬಾವಿ ಕೊರೆದರು. ತಣ್ಣೀರನ್ನು ಮೇಲೆತ್ತುವ ಬಾವಿಗಳು ಒಂದು ಬಗೆ, ಆಳದ ಹಬೆಯ ಒತ್ತಡ ಇಳಿಸುವ ಬಾವಿಗಳು ಇನ್ನೊಂದು. ಮೊದಮೊದಲು ಆ ಹಬೆಯನ್ನು ಗಾಳಿಗೆ ಬಿಡುತ್ತಿದ್ದರು. 2003ರಲ್ಲಿ 6 ಮೆಗಾವ್ಯಾಟಿನ ಯಂತ್ರ ಕೂರಿಸಿದರು, 2005ರಲ್ಲಿ 30 ಮೆಗಾವ್ಯಾಟ್, 2007ರಲ್ಲಿ ಇನ್ನೂ 20 ಸೇರಿತು. ಒಟ್ಟು 56 ಮೆಗಾವ್ಯಾಟ್. ಅಲ್ಲಿಯ ತನಕ ಹಡಗಿನಲ್ಲಿ ತಂದ ಎಣ್ಣೆ ಸುಟ್ಟು ವಿದ್ಯುತ್ ಮಾಡುತ್ತಿದ್ದರು. ಇಲ್ಲಿ ಗಮನಿಸಬೇಕಾದ್ದು ವಿದ್ಯುತ್ತಿನ ಅಂಕಿಯಲ್ಲ, ಕೆಲಸದ ಕ್ರಮ. ಜೀವ ಉಳಿಸಲು ಒತ್ತಡ ಇಳಿಸಲೇಬೇಕಿತ್ತು. ಆ ಬಾವಿಗಳ ಲೆಕ್ಕ ಸರಿಯಾಗಿ ಹಾಕಿದ್ದರಿಂದ ವಿದ್ಯುತ್ ಅದರ ಬೆನ್ನಿಗೇ ಬಂತು. ಒತ್ತಡ ಇಳಿದಂತೆ ಹಬೆಯೂ ಇಳಿಯುತ್ತದೆ. ಗಣಿಗೆ ಬೇಕಾದ್ದು ವಿದ್ಯುತ್ ಯಂತ್ರಕ್ಕೆ ಬೇಡವಾದದ್ದು, ಈ ಎಳೆದಾಟವನ್ನು ಮೊದಲೇ ಒಪ್ಪಿಕೊಂಡು ಯಂತ್ರದ ಗಾತ್ರ ನಿರ್ಧರಿಸಬೇಕು.

ನಮ್ಮ ದೇಶದಲ್ಲೂ ಇದರ ಸಣ್ಣ ರೂಪವಿದೆ. ತೆಲಂಗಾಣದ ಮಣುಗೂರಿನಲ್ಲಿ ಕಲ್ಲಿದ್ದಲು ಹುಡುಕಲು ಕೊರೆದ ರಂಧ್ರದಿಂದ ಬಿಸಿನೀರು ತಾನಾಗಿಯೇ ಉಕ್ಕಿತು. ಸಿಂಗರೇಣಿ ಕಲ್ಲಿದ್ದಲು ಕಂಪನಿ ಅಲ್ಲಿ 20 ಕಿಲೋವ್ಯಾಟಿನ ಪ್ರಾಯೋಗಿಕ ಘಟಕ ನಿಲ್ಲಿಸಿತು. ನೀರು ಕುದಿಯುವಷ್ಟು ಬಿಸಿ ಇಲ್ಲದ ಕಾರಣ, ನೀರಿಗಿಂತ ಬೇಗ ಕುದಿಯುವ ಇನ್ನೊಂದು ದ್ರವವನ್ನು ಆ ಬಿಸಿಯಿಂದ ಆವಿ ಮಾಡಿ ಚಕ್ರ ತಿರುಗಿಸುವ ಕ್ರಮ ಅದು. ದ್ರವ ಮತ್ತೆ ತಣ್ಣಗಾಗಿ ಅದೇ ಕೊಳವೆಯಲ್ಲಿ ಸುತ್ತುತ್ತಿರುತ್ತದೆ.

ತಮಿಳುನಾಡಿನ ನೈವೇಲಿಯ ಲಿಗ್ನೈಟ್ (ಕಂದು ಕಲ್ಲಿದ್ದಲು) ಗಣಿಯಲ್ಲಿ ಬಿಸಿಯ ಮಾತಿಲ್ಲ, ಪೂರ್ತಿ ನೀರಿನದೇ ಕಥೆ. ಲಿಗ್ನೈಟಿನ ಪದರದ ಅಡಿಯಲ್ಲಿ ಒತ್ತಡದ ನೀರಿರುವ ಮರಳಿನ ಪದರವಿದೆ. ಚದರ ಸೆಂಟಿಮೀಟರಿಗೆ 6ರಿಂದ 8 ಕಿಲೋ ಒತ್ತಡ. ಏಳು ಕಿಲೋ ಎಂದರೆ 70 ಮೀಟರ್ ಎತ್ತರದ ನೀರಿನ ಕಂಬ ಕೆಳಗಿನಿಂದ ಮೇಲಕ್ಕೆ ತಳ್ಳಿದ ಹಾಗೆ. ಮಣ್ಣು ನೀರಿಗಿಂತ ಎರಡು ಪಟ್ಟು ಭಾರ ಎಂದುಕೊಂಡರೆ ಆ ತಳ್ಳುವಿಕೆಯನ್ನು ತಡೆಯಲು ತಳದಲ್ಲಿ 35 ಮೀಟರ್ ಮಣ್ಣು ಉಳಿದಿರಬೇಕು. ಲಿಗ್ನೈಟ್ ತೆಗೆಯುವಾಗ ಅಷ್ಟು ಮಣ್ಣು ಎಲ್ಲಿ ಉಳಿಯುತ್ತದೆ? ಹಾಗಾಗಿ ಮೊದಲ ಲಿಗ್ನೈಟ್ ಹೊರಬರುವ ಮೊದಲೇ, ಗಣಿಯ ಸುತ್ತ ಬಾವಿ ಕೊರೆದು ಒತ್ತಡ ಇಳಿಸುವ ಕೆಲಸ ಶುರುಮಾಡಬೇಕಾಯಿತು. ಅಂತರ್ಜಲ ತಜ್ಞರು ಇಲ್ಲದಿದ್ದರೆ ಆ ಗಣಿಯೇ ಇರುತ್ತಿರಲಿಲ್ಲ.

ಇನ್ನು ನಮ್ಮ ಗುಡ್ಡೆಗೆ ಬರೋಣ, ಇವತ್ತಿನ ಹೆಚ್ಚಿನ ಹೊತ್ತು ಇಲ್ಲಿಗೇ ಸಲ್ಲಬೇಕು.

ನಮ್ಮಲ್ಲಿ ಗಣಿ ಎಂದರೆ ಮುಖ್ಯವಾಗಿ ಎರಡು. ಕೆಂಪುಕಲ್ಲಿನ ಕೋರೆ, ಕಗ್ಗಲ್ಲಿನ ಕೋರೆ. ಎರಡರ ನೀರಿನ ಗುಣವೂ ಬೇರೆ ಬೇರೆ. ಒಂದಕ್ಕೆ ಹೇಳಿದ ಪರಿಹಾರ ಇನ್ನೊಂದಕ್ಕೆ ಹೊಂದುವುದಿಲ್ಲ.

ಮುರದ, ಅಂದರೆ ಕೆಂಪುಕಲ್ಲಿನ ಗುಡ್ಡೆಯನ್ನು ಮೇಲಿನಿಂದ ಕೆಳಕ್ಕೆ ಸೀಳಿ ನೋಡಿದರೆ ಮೊದಲು ಗಟ್ಟಿ ಪಾರೆ, ಅದರಡಿ ತೂತುತೂತಾದ ಮುರ, ಅದರಡಿ ಬಿಳಿ ಅಥವಾ ನಸುಗೆಂಪು ಶೇಡಿಮಣ್ಣು, ಆಮೇಲೆ ಕೊಳೆತ ಬಂಡೆ, ಕೊನೆಗೆ ಗಟ್ಟಿ ಬಂಡೆ. ಮಳೆನೀರು ಮುರದ ತೂತುಗಳಲ್ಲಿ ಸರಸರ ಇಳಿಯುತ್ತದೆ. ಶೇಡಿಯಲ್ಲಿ ನೀರು ಇಳಿಯುವುದು ಬಹಳ ನಿಧಾನ. ಹಾಗಾಗಿ ಶೇಡಿಯ ನೆತ್ತಿಯ ಮೇಲೆ ನೀರು ನಿಂತು ಓರೆಯಾಗಿ ಬೈಲಿನ ಕಡೆ ಹರಿಯುತ್ತದೆ. ಎಣ್ಮಕಜೆ, ಬಾಯಾರು, ಪೈವಳಿಕೆ, ಶೇಣಿಯ ಸುರಂಗಗಳು ಹಿಡಿಯುವುದು ಈ ನೀರನ್ನೇ. ಪಂಪಿಲ್ಲ, ವಿದ್ಯುತ್ತಿಲ್ಲ, ಅಡ್ಡಕ್ಕೆ ಕೊರೆದ ದಾರಿಯಲ್ಲಿ ನೀರು ತಾನಾಗಿ ಹೊರಗೆ ಬರುತ್ತದೆ.

ಈ ಮುರದಲ್ಲಿ ಎಷ್ಟು ನೀರು ನಿಲ್ಲುತ್ತದೆ? ಅಂತರ್ಜಲ ಅಂದಾಜು ಮಾಡುವವರು ದೇಶದಲ್ಲೆಲ್ಲ ಬಳಸುವ ಸೂತ್ರದಂತೆ ಮುರದ ಗಾತ್ರದ ನೂರಕ್ಕೆ ಎರಡೂವರೆ ಪಾಲು ನೀರು ಬಿಟ್ಟುಕೊಡುತ್ತದೆ. ಒಂದು ಎಕ್ರೆ ಎಂದರೆ 4,047 ಚದರ ಮೀಟರ್. ಆರು ಮೀಟರ್ ದಪ್ಪದ ಮುರ ಪೂರ್ತಿ ತುಂಬಿದರೆ ಸುಮಾರು 6 ಲಕ್ಷ ಲೀಟರ್. ಈಗ ಮಳೆಯನ್ನು ನೋಡಿ. ವರ್ಷಕ್ಕೆ 3,500 ಮಿಲಿಮೀಟರ್ ಸುರಿದರೆ ಅದೇ ಎಕ್ರೆಯ ಮೇಲೆ ಬೀಳುವುದು 1 ಕೋಟಿ 40 ಲಕ್ಷ ಲೀಟರ್. ಅದರಲ್ಲಿ ನೂರಕ್ಕೆ ಏಳು ಪಾಲು ಇಂಗುತ್ತದೆ ಎಂಬ ಅಂದಾಜಿನ ಪ್ರಕಾರ 10 ಲಕ್ಷ ಲೀಟರಿಗೆ ಸ್ವಲ್ಪ ಕಡಿಮೆ. ಅಂದರೆ ಗುಡ್ಡೆ ಆಟಿ (ಜುಲೈ ಆಗಸ್ಟ್) ಮುಗಿಯುವ ಮುಂಚೆಯೇ ತುಂಬಿಬಿಡುತ್ತದೆ, ಆಮೇಲೆ ಬಿದ್ದದ್ದು ತೋಡಿಗೆ ಹೋಗುತ್ತದೆ, ಮಳೆ ನಿಂತ ಮೇಲೆ ಒಳಗಿದ್ದದ್ದೂ ಬೇಗ ಸೋರಿಹೋಗುತ್ತದೆ. ಇಷ್ಟು ಮಳೆಯ ಜಿಲ್ಲೆಯಲ್ಲಿ ಪತ್ತನಾಜೆಯ (ಮೇ ಕೊನೆಯ) ಹೊತ್ತಿಗೆ ಟ್ಯಾಂಕರ್ ಓಡುವುದು ಯಾಕೆ ಎಂಬುದಕ್ಕೆ ಉತ್ತರ ಈ ಎರಡು ಅಂಕಿಗಳ ನಡುವೆ ಇದೆ. 2017ರ ಮೌಲ್ಯಮಾಪನದಲ್ಲಿ ಕಾಸರಗೋಡು ಬ್ಲಾಕ್ ಅಂತರ್ಜಲದ ಮಟ್ಟಿಗೆ ಗಂಭೀರ ಸ್ಥಿತಿಯ ಪಟ್ಟಿಯಲ್ಲಿತ್ತು ಎಂಬುದೂ ನಿಮಗೆ ಗೊತ್ತಿರಲಿ.

ಹೀಗಿರುವಾಗ ಕಲ್ಲು ಕಡಿಯುವುದೆಂದರೆ ಬರಿಯ ಕಲ್ಲು ತೆಗೆಯುವುದಲ್ಲ, ನೀರು ನಿಲ್ಲುವ ಜಾಗವನ್ನೇ ಲಾರಿಗೆ ತುಂಬುವುದು. ಆದರೂ ಎಲ್ಲ ಕೋರೆಯೂ ಒಂದೇ ರೀತಿ ಕೆಡುಕು ಮಾಡುವುದಿಲ್ಲ. ಸಪಾಟು ಪಾರೆಯ ನಡುವೆ, ತಳದಲ್ಲಿ ಮುರ ಉಳಿಸಿ ತೆಗೆದ ಗುಂಡಿ ಮಳೆನೀರನ್ನು ತಡೆದು ಇಂಗಿಸಲೂಬಹುದು. ಕೆಡುಕು ಮಾಡುವ ಬಗೆ ಮೂರು. ಗುಡ್ಡೆಯ ಓರೆಯಲ್ಲಿ ತೆಗೆದು, ಲಾರಿ ಬರಲೆಂದು ಬೈಲಿನ ಕಡೆಗೆ ಬಾಯಿ ಬಿಟ್ಟ ಕೋರೆ ಎಲ್ಲಕ್ಕಿಂತ ಕೆಟ್ಟದ್ದು. ಅದು ಮಾಡು ಇಲ್ಲದ ದೊಡ್ಡ ಸುರಂಗದ ಹಾಗೆ ಇಡೀ ಮೇಲುಗುಡ್ಡೆಯ ನೀರನ್ನು ಎರಡು ಮೂರು ವಾರಗಳಲ್ಲಿ ಹೊರಗೆ ಹರಿಸಿಬಿಡುತ್ತದೆ. ಮೇಲಿನ ಸುರಂಗ, ಪಕ್ಕದ ಬಾವಿ ಎರಡೂ ಒಣಗುತ್ತವೆ. ಎರಡನೆಯದು, ಇನ್ನೆರಡು ಸಾಲು ಕಲ್ಲು ಸಿಗಲಿ ಎಂದು ಶೇಡಿ ಕಾಣುವ ತನಕ ಕಡಿಯುವುದು. ಆ ಗುಂಡಿಯಲ್ಲಿ ನೀರು ನಿಂತಿರುವುದು ಕಾಣುತ್ತದೆ, ಇಂಗುವುದಿಲ್ಲ. ನಿಂತ ನೀರಿನಿಂದ ದಿನಕ್ಕೆ 4 ಮಿಲಿಮೀಟರ್ ಆವಿಯಾದರೂ ಎಕ್ರೆಗೆ 16,000 ಲೀಟರ್ ಹೋಯಿತು. ಮೂರನೆಯದು ಕಲ್ಲಿನ ಹುಡಿ. ಕಟ್ಟಿಂಗ್ ಮೆಷಿನಿನ ಬ್ಲೇಡಿನಿಂದ ಬರುವ ನುಣ್ಣನೆಯ ಹುಡಿ ಮೊದಲ ಮಳೆಗೆ ಕೆಸರಾಗಿ ತಳದ ತೂತುಗಳನ್ನೆಲ್ಲ ಮುಚ್ಚುತ್ತದೆ. ಒಣಗಿದ ಮೇಲೆ ಅದು ಸೆಗಣಿ ಸಾರಿಸಿದ ನೆಲದಷ್ಟೇ ಬಿಗಿ.

ಶೇಡಿಯ ನೆತ್ತಿಯಿಂದ ಮೇಲೆ ಕನಿಷ್ಠ ಎರಡು ಮೀಟರ್ ಮುರ ಉಳಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಶೇಡಿ ಎಲ್ಲಿದೆ ಎಂದು ಮೊದಲು ಗೊತ್ತಾಗಬೇಕು. ಕೋರೆಯ ಜಾಗದ ನಾಲ್ಕು ಮೂಲೆಗೆ, ನಡುವಿಗೆ ಒಂದೊಂದು ರಂಧ್ರ ಕೊರೆದು ಎಷ್ಟು ಮೀಟರಿಗೆ ಬಿಳಿಮಣ್ಣು ಬಂತೆಂದು ಬರೆದಿಡಿ. ಶೇಡಿಯ ನೆತ್ತಿ ಸಪಾಟಾಗಿರುವುದಿಲ್ಲ. ಐವತ್ತು ಮೀಟರ್ ದೂರದಲ್ಲಿ ಮೂರು ನಾಲ್ಕು ಮೀಟರ್ ವ್ಯತ್ಯಾಸ ಬರುವುದುಂಟು. ಒಂದೇ ರಂಧ್ರದ ಆಳ ನೋಡಿ ಇಡೀ ಕೋರೆಗೆ ಆಳ ನಿಗದಿ ಮಾಡುವುದರಿಂದಲೇ ಒಂದು ಮೂಲೆಯಲ್ಲಿ ಶೇಡಿ ಹೊರಬೀಳುವುದು.

ಈಗ ಅಳತೆ. ಕೋರೆಗೆ ಅರ್ಜಿ ಹಾಕುವ ಮೊದಲು ಸುತ್ತ ಅರ್ಧ ಕಿಲೋಮೀಟರಿನ ಎಲ್ಲ ಬಾವಿ, ಸುರಂಗ, ಕೆರೆ, ಕೊಳವೆಬಾವಿಗಳ ಪಟ್ಟಿ ಮಾಡಿ. ಬಾವಿಯ ಕಟ್ಟೆಯಲ್ಲಿ ಒಂದು ಕಡೆ ಬಣ್ಣದ ಗುರುತು ಹಾಕಿ, ಪ್ರತಿ ಸಲ ಅಲ್ಲಿಂದಲೇ ಅಳೆಯಬೇಕು. ಟೇಪಿನ ಕೊನೆಯ ಒಂದು ಮೀಟರಿಗೆ ಸೀಮೆಸುಣ್ಣ ಸವರಿ ಇಳಿಸಿದರೆ ಒದ್ದೆಯಾದ ಗೆರೆ ಸ್ಪಷ್ಟ ಕಾಣುತ್ತದೆ. ಬೆಳಗ್ಗೆ ಪಂಪು ಹಾಕುವ ಮೊದಲು ಅಳೆಯಿರಿ. ತೋಟಕ್ಕೆ ಬಿಟ್ಟ ಮೇಲೆ ಅಳೆದರೆ ಅದು ಬಾವಿಯ ಲೆಕ್ಕ, ನೆಲದ ನೀರಿನ ಲೆಕ್ಕ ಅಲ್ಲ. ಸುರಂಗದ ನೀರಿಗೆ ಒಂದು ಬಕೆಟು, ಮೊಬೈಲಿನ ಸ್ಟಾಪ್‌ವಾಚು ಸಾಕು. 20 ಲೀಟರಿನ ಬಕೆಟು 40 ಸೆಕೆಂಡಿನಲ್ಲಿ ತುಂಬಿದರೆ ಸೆಕೆಂಡಿಗೆ ಅರ್ಧ ಲೀಟರ್, ದಿನಕ್ಕೆ 43,200 ಲೀಟರ್. ಮೂರು ಸಲ ಹಿಡಿದು ನಡುವಿನದ್ದನ್ನು ಬರೆಯಿರಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ, ಬೇಸಗೆಯಲ್ಲಿ ಹದಿನೈದು ದಿನಕ್ಕೊಮ್ಮೆ, ಹೀಗೆ ಒಂದು ಪೂರ್ತಿ ವರ್ಷ.

ನೀರು ಯಾವ ಕಡೆ ಹರಿಯುತ್ತಿದೆ ಎಂದು ತಿಳಿಯಲು ಮೂರು ಬಾವಿ ಸಾಕು, ಆದರೆ ಮೂರೂ ಒಂದೇ ಗೆರೆಯಲ್ಲಿ ಇರಬಾರದು. ಮೂರು ಬಾವಿಯ ನೀರಿನ ಮಟ್ಟ ಸಮುದ್ರ ಮಟ್ಟದಿಂದ 62, 58, 54 ಮೀಟರ್ ಎಂದುಕೊಳ್ಳಿ. ಕಾಗದದಲ್ಲಿ ಬಾವಿಗಳನ್ನು ಅಳತೆಗೆ ಸರಿಯಾಗಿ ಗುರುತಿಸಿ ತ್ರಿಕೋನ ಎಳೆಯಿರಿ. 62 ಮತ್ತು 54ರ ನಡುವಿನ ಗೆರೆಯಲ್ಲಿ 58 ಬರುವುದು ಸರಿ ಅರ್ಧದಲ್ಲಿ. ಆ ಬಿಂದುವನ್ನು 58ರ ಬಾವಿಗೆ ಸೇರಿಸಿ. ಆ ಗೆರೆಯುದ್ದಕ್ಕೂ ನೀರು ಒಂದೇ ಮಟ್ಟದಲ್ಲಿದೆ. ಅದಕ್ಕೆ ಲಂಬವಾಗಿ, 54ರ ಕಡೆಗೆ ಎಳೆದ ಬಾಣವೇ ನೀರಿನ ದಾರಿ. ಕೋರೆ ಆ ಬಾಣದ ಮೇಲ್ಗಡೆ ಬಂದರೆ ಕೆಳಗಿನ ಮನೆಯವರೊಂದಿಗೆ ಮೊದಲೇ ಮಾತಾಡಬೇಕು. ಇಲ್ಲಿ ಒಂದು ಎಚ್ಚರಿಕೆ: ಕಟ್ಟೆಗಳ ಎತ್ತರವನ್ನು ಮೊಬೈಲಿನ ಜಿಪಿಎಸ್‌ನಿಂದ ತೆಗೆದುಕೊಳ್ಳಬೇಡಿ. ಅದರ ತಪ್ಪು ಹತ್ತು ಮೀಟರಿಗೂ ಹೋಗುತ್ತದೆ, ನಮಗೆ ಬೇಕಾದ ವ್ಯತ್ಯಾಸವೇ ನಾಲ್ಕು ಮೀಟರ್. ಸರ್ವೇಯವರ ಲೆವೆಲ್ ಯಂತ್ರದಿಂದಲೇ ಮಾಡಿಸಿ. ಅರ್ಧ ದಿನದ ಕೆಲಸ.

ನೀರಿನ ಮಟ್ಟ ನೋಡಲೆಂದೇ ಕೊರೆಯುವ ಸಣ್ಣ ಬಾವಿಗೆ ಪೀಜೋಮೀಟರ್ ಎನ್ನುತ್ತಾರೆ. ನೀರಿನ ಮಟ್ಟವನ್ನು ಕಡಿದು ಕೆಳಗಿಳಿಯುವ ಗಣಿಗಳ ಸುತ್ತ ಇವು ಇರಲೇಬೇಕೆಂದು 2020ರ ಸೆಪ್ಟೆಂಬರಿನ ಕೇಂದ್ರದ ಮಾರ್ಗಸೂಚಿ ಹೇಳುತ್ತದೆ. ಕೇರಳದಲ್ಲಿ ಅಂತರ್ಜಲಕ್ಕೆ 2002ರದ್ದೇ ಪ್ರತ್ಯೇಕ ಕಾಯಿದೆ ಇದೆ. ಕಾನೂನು ಇರಲಿ, ಆ ಬಾವಿಯನ್ನು ಸರಿಯಾಗಿ ಮಾಡುವುದು ಮುಖ್ಯ. ರಂಧ್ರ ಕೊರೆದು, ತೂತು ಹೊಡೆದ ಪಿವಿಸಿ ಪೈಪನ್ನು ನೀರಿನ ಪದರದ ಎದುರಿಗೆ ಮಾತ್ರ ಕೂರಿಸಿ, ಸುತ್ತ ಸಣ್ಣ ಜಲ್ಲಿ ತುಂಬಿ, ಅದರ ಮೇಲೆ ಜಿಗುಟು ಮಣ್ಣು, ಸಿಮೆಂಟಿನಿಂದ ಮುಚ್ಚಬೇಕು. ಮುಚ್ಚದಿದ್ದರೆ ಮೇಲಿನ ಮಳೆನೀರು ಪೈಪಿನ ಬದಿಯಿಂದ ಇಳಿದು, ನೀವು ಅಳೆಯುವುದು ನಿನ್ನೆಯ ಮಳೆಯನ್ನು. ಇನ್ನೂ ದೊಡ್ಡ ತಪ್ಪು ಮುರದ ನೀರಿಗೂ ಬಂಡೆಯ ನೀರಿಗೂ ಒಂದೇ ರಂಧ್ರ ಇಡುವುದು. ಶೇಡಿಯನ್ನು ತೂರಿ ಹೋದ ಆ ರಂಧ್ರದಲ್ಲಿ ಮೇಲಿನ ನೀರು ಕೆಳಕ್ಕೆ ಜಾರುತ್ತದೆ. ಒಂದಕ್ಕೊಂದು ಬೇರೆ ರಂಧ್ರ ಬೇಕು. ನಮ್ಮ ಕೊಳವೆಬಾವಿಗಳಲ್ಲೂ ಇದೇ ಆಗುತ್ತಿದೆ. ಕೇಸಿಂಗ್ ಪೈಪು ಇಳಿಸುತ್ತಾರೆ, ಅದರ ಹೊರಗಿನ ಸಂದಿಗೆ ಸಿಮೆಂಟ್ ತುಂಬುವುದಿಲ್ಲ. ಮುರದ ನೀರು ಆ ಸಂದಿಯಿಂದ ಬಂಡೆಯ ಬಿರುಕಿಗೆ ಸೋರಿ, ನೂರು ವರ್ಷ ಹರಿದ ಸುರಂಗ ಬರಡಾಗುತ್ತದೆ. ಕೋರೆಯ ಮೇಲೆ ದೂರು ಹಾಕುವ ಮೊದಲು ಹತ್ತಿರದ ಕೊಳವೆಬಾವಿಯ ಬಾಯಿಗೆ ಕಿವಿ ಇಟ್ಟು ನೋಡಿ. ಒಳಗೆ ನೀರು ಬೀಳುವ ಸದ್ದು ಕೇಳುತ್ತಿದ್ದರೆ ಸೋರಿಕೆ ಅಲ್ಲಿದೆ.

ಕಗ್ಗಲ್ಲಿನ ಕೋರೆಯ ವಿಷಯ ಬೇರೆ. ಅಲ್ಲಿ ನೀರು ಇರುವುದು ಬಿರುಕಿನಲ್ಲಿ ಮಾತ್ರ. ಹತ್ತಿರದ ಬಾವಿಗೆ ಏನೂ ಆಗದೆ ಅರ್ಧ ಕಿಲೋಮೀಟರ್ ದೂರದ ಕೊಳವೆಬಾವಿ ಬತ್ತಬಹುದು. ಪಂಪು ಮಾಡಿದರೆ ಎಷ್ಟು ದೂರದ ತನಕ ನೀರು ಇಳಿಯುತ್ತದೆ ಎಂಬುದಕ್ಕೆ ಇಂಜಿನಿಯರುಗಳ ಬಳಿ ಒಂದು ಹಳೆಯ ಸೂತ್ರವಿದೆ: ಎಷ್ಟು ಮೀಟರ್ ನೀರು ಇಳಿಸಿದಿರೋ ಅದನ್ನು 3,000ದಿಂದ ಗುಣಿಸಿ, ನೆಲದಲ್ಲಿ ನೀರು ಹರಿಯುವ ವೇಗದ ಅಂಕಿಯ ವರ್ಗಮೂಲದಿಂದ ಮತ್ತೆ ಗುಣಿಸುವುದು. 10 ಮೀಟರ್ ಇಳಿಸಿದರೆ, ಆ ಅಂಕಿ ಸೆಕೆಂಡಿಗೆ ಮೀಟರಿನ ಲಕ್ಷದ ಒಂದು ಭಾಗವಾಗಿದ್ದಲ್ಲಿ, ಸುಮಾರು 95 ಮೀಟರ್. ಹತ್ತು ಪಟ್ಟು ಹೆಚ್ಚಿದ್ದಲ್ಲಿ 300 ಮೀಟರ್. ಮರಳಿನ ನೆಲಕ್ಕೆ ಇದು ಒಂದು ಅಂದಾಜು ಕೊಡುತ್ತದೆ. ಬಿರುಕಿನ ಬಂಡೆಗೆ ಇದನ್ನು ಹಾಕಿ ವರದಿ ಬರೆದುಕೊಟ್ಟರೆ ಒಪ್ಪಬೇಡಿ, ಯಾಕೆಂದರೆ ಅಲ್ಲಿ ನೀರು ವೃತ್ತಾಕಾರದಲ್ಲಿ ಇಳಿಯುವುದಿಲ್ಲ, ಬಿರುಕಿನ ಉದ್ದಕ್ಕೂ ಇಳಿಯುತ್ತದೆ.

ಇಲ್ಲಿಯೇ ಬೆಂದ್ರ್ ತೀರ್ಥದಲ್ಲಿ ಹೇಳಿದ ಮಾತು ಕೆಲಸಕ್ಕೆ ಬರುವುದು. ನೆಲದಡಿ ಹತ್ತು ಹದಿನೈದು ಮೀಟರಿನ ನಂತರ ನೀರಿನ ಬಿಸಿ ಬೇಸಗೆ ಮಳೆಗಾಲ ಎನ್ನದೆ ಹೆಚ್ಚು ಕಡಿಮೆ ಒಂದೇ. ಅಲ್ಲಿಂದ ಕೆಳಕ್ಕೆ ನೂರು ಮೀಟರಿಗೆ ಒಂದೂವರೆ ಎರಡು ಡಿಗ್ರಿ ಏರುತ್ತದೆ. ಕೋರೆಯ ಗೋಡೆಯಲ್ಲಿ ನೀರು ಒಸರುವ ಜಾಗಗಳಿಗೆ ಹೋಗಿ, ಡಿಗ್ರಿಯ ಹತ್ತನೇ ಒಂದು ಭಾಗ ತೋರಿಸುವ ಥರ್ಮಾಮೀಟರ್ ಇಡಿ. ಬಂಡೆಯಿಂದ ಹೊರಬೀಳುವ ಬಿಂದುವಿಗೇ ಅದರ ಮೂತಿ ತಾಗಬೇಕು. ಗೋಡೆಯ ಮೇಲೆ ಎರಡು ಮೀಟರ್ ಹರಿದು ಬಂದ ನೀರಿಗೆ ಬಿಸಿಲಿನ ಬಿಸಿ ಸೇರಿರುತ್ತದೆ. ಬೆಳಗ್ಗೆ ಸೂರ್ಯ ಗೋಡೆಗೆ ತಾಗುವ ಮೊದಲು ಅಳೆಯಿರಿ. ಒಂದು ಕಡೆ 27.2 ಬಂತು, ಪಕ್ಕದ ಮನೆಯ ಬಾವಿಯಲ್ಲೂ 27.2. ಇನ್ನೊಂದು ಬಿರುಕಿನಲ್ಲಿ 29.4. ಎರಡನೆಯದು ನೂರು ಮೀಟರಿಗೂ ಕೆಳಗಿನಿಂದ ಬರುವ ನೀರು. ಅದು ತೆರೆದ ಬಾವಿಗಳದ್ದಲ್ಲ, ಕೊಳವೆಬಾವಿಗಳ ಬಿರುಕು. ಜತೆಗೆ ನೀರಿನಲ್ಲಿ ಕರಗಿದ ಲವಣ ತಿಳಿಸುವ ಸಣ್ಣ ಮೀಟರನ್ನೂ ಹಿಡಿದರೆ ಇನ್ನೂ ಖಚಿತ, ಆಳದಲ್ಲಿ ಬಹಳ ಕಾಲ ಇದ್ದ ನೀರಿನಲ್ಲಿ ಲವಣ ಹೆಚ್ಚು. ಎರಡೂ ಅಂಕಿ ಒಂದೇ ಕಡೆ ಬೆರಳು ತೋರಿಸಿದರೆ ನಂಬಬಹುದು.

ಕೊಳವೆಬಾವಿಯೊಳಗೂ ಇದೇ ಪರೀಕ್ಷೆ ಮಾಡಬಹುದು. ಪಂಪು ಎತ್ತಿ ಎರಡು ಮೂರು ದಿನ ಬಿಟ್ಟು, ತಂತಿಯಲ್ಲಿ ಥರ್ಮಾಮೀಟರ್ ನಿಧಾನವಾಗಿ ಇಳಿಸುತ್ತ ಮೀಟರಿಗೊಮ್ಮೆ ಓದಿ. ಇಳಿಯುವಾಗಲೇ ಓದಬೇಕು, ಎತ್ತುವಾಗ ನೀರು ಕಲಕಿರುತ್ತದೆ. ಬಿಸಿ ಸಮನಾಗಿ ಏರುತ್ತಾ ಹೋದರೆ ಅಲ್ಲಿ ನೀರಿನ ಓಡಾಟ ಇಲ್ಲ. ಎಲ್ಲಿ ಗೆರೆ ಇದ್ದಕ್ಕಿದ್ದಂತೆ ಮುರಿಯುತ್ತದೋ ಅಲ್ಲಿ ಬಿರುಕು ನೀರು ಕೊಡುತ್ತಿದೆ ಅಥವಾ ಕುಡಿಯುತ್ತಿದೆ. ಆ ಆಳವನ್ನು ಕೋರೆಯ ತಳದ ಮಟ್ಟದೊಂದಿಗೆ ಹೋಲಿಸಿ. ಕೋರೆ ಇನ್ನೂ ಹತ್ತು ಮೀಟರ್ ಇಳಿದರೆ ಆ ಬಿರುಕು ಬಾಯಿ ಬಿಡುತ್ತದೆ ಎಂದು ಗೊತ್ತಾದರೆ ಅದಕ್ಕೆ ಮೊದಲೇ ನಿಲ್ಲಬಹುದು. ಬಿಸಿನೀರು ಹುಡುಕುವವರು ಬಳಸುವ ಪರೀಕ್ಷೆಯೇ ಇದು, ಅವರು ಕಿಲೋಮೀಟರ್ ಇಳಿಯುತ್ತಾರೆ, ನಮಗೆ ನೂರೈವತ್ತು ಮೀಟರ್ ಸಾಕು.

ಮುಚ್ಚಿದ ಗಣಿಯ ನೀರಿನಿಂದ ಮನೆ ಬಿಸಿ ಮಾಡುವ ಸುದ್ದಿ ಓದಿ ಕೆಲವರು ಪ್ರಶ್ನೆ ಕೇಳಿದ್ದೀರಿ. ನಿಜ, ನೆದರ್ಲೆಂಡ್ಸಿನ ಹೀರ್ಲೆನ್ ಪಟ್ಟಣದಲ್ಲಿ 2008ರಿಂದ ಅದು ನಡೆಯುತ್ತಿದೆ. ನೀರು ತುಂಬಿದ ಹಳೆಯ ಕಲ್ಲಿದ್ದಲು ಗಣಿಯಲ್ಲಿ 700 ಮೀಟರ್ ಆಳದಿಂದ ಸುಮಾರು 28 ಡಿಗ್ರಿಯ ನೀರು ತೆಗೆದು ಕಟ್ಟಡಗಳಿಗೆ ಕೊಡುತ್ತಾರೆ. ಕೆನಡಾದ ಸ್ಪ್ರಿಂಗ್‌ಹಿಲ್‌ನಲ್ಲಿ ಅದಕ್ಕೂ ಮೊದಲು, 1980ರ ದಶಕದ ಕೊನೆಯಲ್ಲೇ ಸುಮಾರು 18 ಡಿಗ್ರಿಯ ಗಣಿನೀರಿನಿಂದ ಕಾರ್ಖಾನೆಗಳನ್ನು ಬೆಚ್ಚಗೆ ಇಟ್ಟರು. ಸೆಕೆಂಡಿಗೆ 10 ಲೀಟರ್ ನೀರನ್ನು 5 ಡಿಗ್ರಿ ತಣ್ಣಗೆ ಮಾಡಿದರೆ 209 ಕಿಲೋವ್ಯಾಟ್ ಶಾಖ ಸಿಗುತ್ತದೆ, ಅದನ್ನು ಹೀಟ್ ಪಂಪು (ಶಾಖವನ್ನು ಒಂದು ಕಡೆಯಿಂದ ಎತ್ತಿ ಇನ್ನೊಂದು ಕಡೆಗೆ ಸಾಗಿಸುವ ಯಂತ್ರ) ಇನ್ನೂ ಹೆಚ್ಚಿನ ಬಿಸಿಗೆ ಏರಿಸುತ್ತದೆ. ಇಂಥ ಘಟಕಗಳು ಕೆಡುವುದು ಹೆಚ್ಚಾಗಿ ಕಬ್ಬಿಣದಿಂದ. ಗಣಿನೀರಿನಲ್ಲಿ ಕರಗಿರುವ ಕಬ್ಬಿಣಕ್ಕೆ ಗಾಳಿ ತಾಗಿದ ಕೂಡಲೇ ತುಕ್ಕಿನ ಕೆಸರಾಗಿ ಶಾಖ ತೆಗೆಯುವ ಪ್ಲೇಟುಗಳ ಸಂದಿ ಮುಚ್ಚುತ್ತದೆ. ಹಾಗಾಗಿ ನೀರು ಮೇಲೆ ಬಂದು ಮತ್ತೆ ಕೆಳಗೆ ಹೋಗುವ ತನಕ ಗಾಳಿ ತಾಗದಂತೆ ಒತ್ತಡದಲ್ಲೇ ಇಡುತ್ತಾರೆ. ಇನ್ನೊಂದು ತೊಂದರೆ, ತಣ್ಣಗಾದ ನೀರನ್ನು ಹಿಂದಿರುಗಿಸುವ ಬಾವಿ ಹತ್ತಿರವಿದ್ದರೆ ಹಳೆಯ ಸುರಂಗದ ದಾರಿ ಹಿಡಿದು ಅದೇ ತಣ್ಣೀರು ಪಂಪಿಗೆ ಮರಳುತ್ತದೆ. ಗಣಿಯ ಹಳೆಯ ನಕಾಶೆ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರದು.

ನಮ್ಮಲ್ಲಿ ಮನೆ ಬಿಸಿ ಮಾಡುವ ಅಗತ್ಯ ಇಲ್ಲ. ಮಳೆಗಾಲದಲ್ಲಿ ಕೊಬ್ಬರಿ, ಅಡಿಕೆ ಒಣಗಿಸಲು ಕೋರೆಯ ನೀರಿನ ಶಾಖ ಆಗದೇ ಎಂದರೆ, ಆಗುತ್ತದೆ, ಲಾಭವಿಲ್ಲ. ಆಗ ಗಾಳಿಯೂ 26, 27 ಡಿಗ್ರಿ, ನೀರೂ ಅಷ್ಟೇ, ಗಾಳಿಯಿಂದಲೇ ಶಾಖ ತೆಗೆಯುವ ಹೀಟ್ ಪಂಪು ಕಡಿಮೆ ಖರ್ಚಿಗೆ ಅದೇ ಕೆಲಸ ಮಾಡುತ್ತದೆ. ಉಪಯೋಗವಿರುವುದು ಬೇಸಗೆಯ ತಂಪಿಗೆ. ಗಾಳಿ 35 ಡಿಗ್ರಿ ಇರುವಾಗ ಆಳದ ಕೋರೆಯ ತಳದ ನೀರು 28ರ ಆಸುಪಾಸು. ಮೀನಿನ ಐಸ್ ಪ್ಲಾಂಟಿನ, ಹಾಲು ತಂಪು ಮಾಡುವ ಘಟಕದ ಕಂಡೆನ್ಸರನ್ನು (ಬಿಸಿ ಹೊರಹಾಕುವ ಭಾಗವನ್ನು) ಗಾಳಿಯ ಬದಲು ಆ ನೀರಿನಿಂದ ತಣಿಸಿದರೆ ವಿದ್ಯುತ್ ಕಾಲು ಭಾಗದಷ್ಟು ಉಳಿಯಬಹುದು. ನೀರು ಖರ್ಚಾಗುವುದಿಲ್ಲ, ಬಿಸಿಯಾಗಿ ಮರಳುತ್ತದೆ. ಅದನ್ನು ಗುಂಡಿಯ ಇನ್ನೊಂದು ತುದಿಗೆ, ಮೇಲ್ಭಾಗಕ್ಕೆ ಬಿಡಬೇಕು, ಎಳೆಯುವ ಪೈಪು ತಳದಿಂದ ಒಂದು ಮೀಟರ್ ಮೇಲಿರಬೇಕು, ಇಲ್ಲದಿದ್ದರೆ ಕೆಸರು ಬರುತ್ತದೆ. ಕೋರೆಯ ಹತ್ತಿರವೇ ಅಂಥ ಘಟಕ ಇದ್ದರೆ ಮಾತ್ರ ಇದು ಯೋಚಿಸಬೇಕಾದ ವಿಷಯ. ಎರಡು ಕಿಲೋಮೀಟರ್ ಪೈಪು ಎಳೆದರೆ ಉಳಿತಾಯವೆಲ್ಲ ಪಂಪಿಗೆ ಹೋಗುತ್ತದೆ.

ಕೊನೆಗೆ ಕೆಲಸ ಮುಗಿದ ಕೋರೆಗಳು. ಮುರದ ಗುಂಡಿಯನ್ನು ನೀರಿಂಗಿಸಲು ಬಿಡುವುದಾದರೆ ಫೆಬ್ರವರಿ ಮಾರ್ಚಿನಲ್ಲಿ, ತಳ ಒಣಗಿ ಬಿರಿದಿರುವಾಗ, ಹುಡಿಯ ಪದರವನ್ನು ಕೆರೆದು ತೆಗೆಯಿರಿ. ಹಿಟಾಚಿಯ ಬಕೆಟಿಗಿಂತ ಹಾರೆ, ಗುದ್ದಲಿಯೇ ಒಳ್ಳೆಯದು, ಯಂತ್ರದ ಭಾರಕ್ಕೆ ತೂತುಗಳು ಇನ್ನೂ ಒತ್ತಿಹೋಗುತ್ತವೆ. ಲಾರಿ ಬರುತ್ತಿದ್ದ ಬಾಯಿಗೆ ಒಳಗೆ ಶೇಡಿಮಣ್ಣು ಹೆಟ್ಟಿ, ಹೊರಗೆ ಒಡೆದ ಕಲ್ಲು ಕಟ್ಟಿ ತಡೆ ಮಾಡಿ. ಹೆಚ್ಚಾದ ನೀರು ಹೋಗಲು ಒಂದು ಬದಿಯಲ್ಲಿ, ಗಟ್ಟಿ ಪಾರೆಯ ಮೇಲೆಯೇ ಕಂಡಿ ಬಿಡಬೇಕು, ಕಟ್ಟಿದ ತಡೆಯ ಮೇಲೆ ಬಿಟ್ಟರೆ ಮೊದಲ ದೊಡ್ಡ ಮಳೆಗೆ ಕೊಚ್ಚಿಹೋಗುತ್ತದೆ. ರಸ್ತೆಯ ನೀರು ಗುಂಡಿಗೆ ಬರುವುದಾದರೆ ಬಾಯಿಯಲ್ಲಿ ಎರಡು ಮೀಟರ್ ಚೌಕದ ಹೂಳಿನ ಗುಂಡಿ ಇರಲಿ. ಕೆಳಗಿನ ಬಾವಿಗಳಲ್ಲಿ ಅಳತೆ ಮುಂದುವರಿಸಿ, ಮೇ ತಿಂಗಳ ಕೊನೆಯ ಮಟ್ಟವನ್ನು ಕೋರೆ ಶುರುವಾಗುವ ಮೊದಲಿನ ವರ್ಷದ ಮಟ್ಟದೊಂದಿಗೆ ಹೋಲಿಸಿ. ಇನ್ನು ಸುತ್ತ ಬೇಲಿ, ಇಳಿಯಲು ಮೆಟ್ಟಿಲು, ನೀರಿನ ಆಳ ತೋರಿಸುವ ಬಣ್ಣದ ಕಂಬ. ನೇರ ಕಡಿದ ಗೋಡೆಯ ಗುಂಡಿಗೆ ಮಕ್ಕಳು ಈಜಲು ಇಳಿದರೆ ಹತ್ತಿ ಬರಲು ಹಿಡಿಯಲು ಏನೂ ಇರುವುದಿಲ್ಲ. ಹಾಗಾಗಿ ಒಂದು ಬದಿಯನ್ನಾದರೂ ಮೆಟ್ಟಿಲು ಮೆಟ್ಟಿಲಾಗಿ ಕಡಿದು ಬಿಡುವುದನ್ನು ಪರವಾನಗಿಯ ಷರತ್ತಿನಲ್ಲೇ ಬರೆಸಿಕೊಳ್ಳಲು ಪಂಚಾಯತಿನವರಿಗೆ ಹೇಳಿ.